ಮರೆವಿನ ರೋಗಕ್ಕೆ ಹಾಡು ಮದ್ದೇ?

2020ರ ನವೆಂಬರ್‌ನಲ್ಲಿ ಸ್ಪೇನಿನ ವಿಡಿಯೊವೊಂದು ಜಗತ್ತಿನ ಮೊಬೈಲ್ ಫೋನುಗಳನ್ನೆಲ್ಲ ಸುತ್ತಿ ಬಂತು. ಗಾಲಿಕುರ್ಚಿಯಲ್ಲಿ ತಲೆತಗ್ಗಿಸಿ ಕುಳಿತ ವೃದ್ಧೆ. ಒಂದು ಕಾಲದ ಬ್ಯಾಲೆ ನರ್ತಕಿ, ಈಗ ಅಲ್ಜೈಮರ್ ರೋಗಿ. ಕಿವಿಗೆ ಹೆಡ್‌ಫೋನ್ ತೊಡಿಸಿ ಚೈಕೋವ್‌ಸ್ಕಿಯ ‘ಸ್ವಾನ್ ಲೇಕ್’ ಕೇಳಿಸುತ್ತಿದ್ದಂತೆ ಆಕೆಯ ಕೈಗಳು ರೆಕ್ಕೆಗಳಂತೆ ಮೇಲೇಳುತ್ತವೆ, ಮುಖಕ್ಕೆ ಕಳೆ ಬರುತ್ತದೆ. ನೋಡಿದವರ ಕಣ್ಣು ಒದ್ದೆಯಾದುದು ಸಹಜವೇ. ನಡುನಡುವೆ ಸೇರಿಸಿದ್ದ ಯುವ ನರ್ತಕಿಯ ದೃಶ್ಯಗಳು ಆಕೆಯವಲ್ಲ, ಬೇರೊಬ್ಬ ಕಲಾವಿದೆಯವು ಎಂಬುದು ಆಮೇಲೆ ಬೆಳಕಿಗೆ ಬಂತು. ಚಿತ್ರೀಕರಣ ನಡೆದದ್ದು 2019ರಲ್ಲಿ. ವಿಡಿಯೊ ಲೋಕವಿಖ್ಯಾತವಾಗುವ ವೇಳೆಗೆ ಆಕೆ ತೀರಿಕೊಂಡಿದ್ದರು.

ಇಂಥ ವಿಡಿಯೊಗಳು ಎರಡು ಮೂರು ನಿಮಿಷಕ್ಕೆ ಮುಗಿಯುತ್ತವೆ. ಹೆಡ್‌ಫೋನ್ ತೆಗೆದ ಮೇಲೆ ಏನಾಯಿತು, ಅಂದು ಸಂಜೆ ಆಕೆ ಊಟ ಮಾಡಿದರೇ, ರಾತ್ರಿ ನಿದ್ದೆ ಬಂತೇ ಎಂಬುದನ್ನು ಯಾವ ಕ್ಯಾಮೆರಾವೂ ತೋರಿಸುವುದಿಲ್ಲ. ಡಿಮೆನ್ಷಿಯಾ ಪೀಡಿತರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರಿಗೆ ಬೇಕಿರುವುದಾದರೋ ಆ ಉತ್ತರವೇ.

ಸಂಗೀತದಿಂದ ಕಳೆದ ನೆನಪು ಮರಳುತ್ತದೆಯೇ ಎಂದರೆ, ಇಲ್ಲ. ಹಾಗಾದರೆ ಅದರಿಂದ ಪ್ರಯೋಜನವೇ ಇಲ್ಲವೇ ಎಂದರೆ, ಅದೂ ನಿಜವಲ್ಲ. ಇವೆರಡರ ನಡುವೆ ಹಾಡು ಏನು ಮಾಡಬಲ್ಲದು, ಯಾರಿಗೆ, ಎಷ್ಟು ಹೊತ್ತು ಎಂಬುದನ್ನು ಕಳೆದ ಹತ್ತು ಹದಿನೈದು ವರ್ಷಗಳ ಸಂಶೋಧನೆ ತಕ್ಕಮಟ್ಟಿಗೆ ಬಿಡಿಸಿ ಹೇಳಿದೆ. ಆ ತಿಳಿವಳಿಕೆ ಕರ್ನಾಟಕದ ಮನೆಗಳಿಗೆ ತಲುಪುವ ದಾರಿ ಮಾತ್ರ ಇನ್ನೂ ಆಗಬೇಕಿದೆ.

ದೇಶದಲ್ಲಿ 60 ವರ್ಷ ಮೀರಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜು. ಪುರುಷರಿಗಿಂತ ಮಹಿಳೆಯರಲ್ಲಿ, ನಗರಗಳಿಗಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು. ಇದು ದೊಡ್ಡ ನಗರಗಳ ಉಳ್ಳವರ ಕಾಯಿಲೆ ಎಂಬ ನಂಬಿಕೆಗೆ ಇಲ್ಲಿ ಯಾವ ಆಧಾರವೂ ಸಿಗುವುದಿಲ್ಲ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಎಷ್ಟು ರೋಗಿಗಳನ್ನು ವೈದ್ಯರ ಬಳಿ ಹೋಗದಂತೆ ತಡೆದಿದೆಯೋ ಲೆಕ್ಕವಿಟ್ಟವರಿಲ್ಲ. 2016ರಲ್ಲಿ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಅಲ್ಜೈಮರ್ ಪೀಡಿತ ತಂದೆಯ ಪಾತ್ರ ವಹಿಸಿದ ಮೇಲೆ ಈ ರೋಗದ ಹೆಸರು ಕನ್ನಡದ ಮನೆಮಾತಿನೊಳಗೆ ಬಂತು ಎನ್ನಬಹುದು. ಹೆಸರು ಬಂದರೂ ಆರೈಕೆಯ ಕ್ರಮ ಬರಲಿಲ್ಲ.

ಹಾಡು ಉಳಿಯುವುದೇಕೆ?

ಮಗನ ಹೆಸರು ಮರೆತ ತಾಯಿ ಇಡೀ ದೇವರನಾಮವನ್ನು ತಪ್ಪಿಲ್ಲದೆ ಹಾಡುವುದು ಅನೇಕ ಕುಟುಂಬಗಳ ಅನುಭವ. ಇದನ್ನು ಪವಾಡವೆಂದು ತಿಳಿಯಬೇಕಿಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2015ರಲ್ಲಿ ‘ಬ್ರೇನ್’ ಪತ್ರಿಕೆಯಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಬಹುಕಾಲದಿಂದ ಬಲ್ಲ ಹಾಡು ಕೇಳಿದಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೆ ಎಂಬುದನ್ನು ಅವರು ಮೊದಲು ಆರೋಗ್ಯವಂತ ಯುವಕರಲ್ಲಿ ಗುರುತಿಸಿದರು. ಬಳಿಕ ಅಲ್ಜೈಮರ್ ರೋಗಿಗಳಲ್ಲಿ ಅದೇ ಭಾಗವನ್ನು ಪರೀಕ್ಷಿಸಿದಾಗ, ಮಿದುಳಿನ ಇತರೆಡೆಗಳಿಗೆ ಹೋಲಿಸಿದರೆ ಅಲ್ಲಿ ಕುಗ್ಗುವಿಕೆ ಬಹಳ ಕಡಿಮೆಯಿತ್ತು. ರೋಗದ ಗುರುತಾದ ಅಮಿಲಾಯ್ಡ್ ಪ್ರೋಟೀನಿನ ಸಂಗ್ರಹ ಮಾತ್ರ ಅಲ್ಲಿಯೂ ಇತ್ತು. ಆ ಭಾಗ ರೋಗಕ್ಕೆ ಹೊರತಾದುದೆಂದು ಇದರಿಂದ ತಿಳಿಯಲಾಗದು. ಅಲ್ಲಿ ಹಾನಿ ತಡವಾಗಿ ಆಗುತ್ತದೆ, ಅಷ್ಟೆ.

ಇನ್ನೊಂದು ಸಂಗತಿಯೂ ಇದೆ. ಮನುಷ್ಯನ ನೆನಪಿನಲ್ಲಿ ಗಟ್ಟಿಯಾಗಿ ಕೂರುವ ಹಾಡುಗಳು ಸಾಮಾನ್ಯವಾಗಿ ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಕೇಳಿದಂಥವು. ಹಾಡುವುದು ಸೈಕಲ್ ತುಳಿಯುವಂತೆ, ರೊಟ್ಟಿ ತಟ್ಟುವಂತೆ ಮೈಗೂಡಿದ ಅಭ್ಯಾಸವೂ ಹೌದು. ನಿನ್ನೆಯ ಊಟವನ್ನು ನೆನಪಿಡುವ ವ್ಯವಸ್ಥೆ ಬೇರೆ, ಇಂಥ ಅಭ್ಯಾಸಗಳನ್ನು ಕಾಪಿಡುವ ವ್ಯವಸ್ಥೆ ಬೇರೆ. ಮೊದಲನೆಯದು ಕುಸಿದ ಮೇಲೂ ಎರಡನೆಯದು ಕೆಲಕಾಲ ನಿಲ್ಲುತ್ತದೆ.

ಲೆಕ್ಕಕ್ಕೆ ಸಿಕ್ಕಿದ್ದು

ಜಗತ್ತಿನ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆ 2025ರಲ್ಲಿ ಈ ವಿಷಯದ ಪರಿಷ್ಕೃತ ವಿಮರ್ಶೆಯನ್ನು ಹೊರತಂದಿತು. 15 ದೇಶಗಳ 30 ಪ್ರಯೋಗಗಳು, 1,720 ರೋಗಿಗಳು. ಸಂಗೀತಾಧಾರಿತ ಚಿಕಿತ್ಸೆಯಿಂದ ಖಿನ್ನತೆಯ ಲಕ್ಷಣಗಳು ಬಹುಶಃ ತಗ್ಗುತ್ತವೆ; ಒಟ್ಟಾರೆ ವರ್ತನೆಯ ತೊಂದರೆಗಳೂ ಸ್ವಲ್ಪ ಕಡಿಮೆಯಾಗಬಹುದು; ಆದರೆ ತಳಮಳ, ಸಿಡುಕು, ಹೊಡೆಯಲು ಹೋಗುವುದು ಇವು ತಗ್ಗುವಂತೆ ಕಾಣದು ಎಂಬುದು ಅದರ ಸಾರ. ಚಿಕಿತ್ಸೆ ಮುಗಿದ ವಾರಗಳ ನಂತರವೂ ಲಾಭ ಉಳಿಯುತ್ತದೆ ಎನ್ನಲು ಸಾಕ್ಷ್ಯ ಸಾಲದು. ಇಲ್ಲಿ ನೆನಪಿಡಬೇಕಾದ ಮಾತೆಂದರೆ, ಈ ಪ್ರಯೋಗಗಳಲ್ಲಿ ಬಹುಪಾಲು ನಡೆದದ್ದು ಆರೈಕೆ ಕೇಂದ್ರಗಳಲ್ಲಿ. ಭಾರತದಲ್ಲಿ ಬಹುಪಾಲು ರೋಗಿಗಳು ಇರುವುದು ಮನೆಯಲ್ಲಿ.

ಹೆಡ್‌ಫೋನ್ ವಿಧಾನವನ್ನೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ಉದಾಹರಣೆಯೂ ಇದೆ. ಅಮೆರಿಕದ 54 ನರ್ಸಿಂಗ್ ಹೋಮ್‌ಗಳಲ್ಲಿ ರೋಗಿಗಳಿಗೆ ಅವರವರ ಇಷ್ಟದ ಹಾಡುಗಳನ್ನು ತುಂಬಿದ ಸಾಧನ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ತಳಮಳದ ವರ್ತನೆಯಲ್ಲಿ ಗಮನಾರ್ಹ ಇಳಿಕೆ ಕಂಡುಬರಲಿಲ್ಲ. ಅದೇ ವರ್ಷ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಎಲ್ಲರೂ ಕೂಡಿ ಹಾಡುವ ವೃಂದಗಾನದಲ್ಲಿ ಪಾಲ್ಗೊಂಡವರ ಖಿನ್ನತೆ ಇಳಿದಿತ್ತು. ಕಿವಿಗೆ ಯಂತ್ರ ಸಿಕ್ಕಿಸಿ ಎದ್ದು ಹೋಗುವುದಕ್ಕೂ ಜೊತೆಯಲ್ಲಿ ಕುಳಿತು ಹಾಡುವುದಕ್ಕೂ ವ್ಯತ್ಯಾಸವಿದೆ ಎಂದು ಇದರಿಂದ ಊಹಿಸಿದರೆ ತಪ್ಪಾಗಲಾರದು.

ಆ ಊಹೆಗೆ ಬಲ ಕೊಡುವುದು ಫಿನ್ಲೆಂಡಿನ ಅಧ್ಯಯನ. 2014ರಲ್ಲಿ ಪ್ರಕಟವಾದ ಅದರಲ್ಲಿ ಭಾಗವಹಿಸಿದ್ದವರು ಆರಂಭಿಕ ಹಂತದ ರೋಗಿ ಮತ್ತು ಆರೈಕೆ ಮಾಡುವವರ 89 ಜೋಡಿಗಳು. ಹತ್ತು ವಾರಗಳ ಕಾಲ ಕೆಲವರಿಗೆ ಒಟ್ಟಿಗೆ ಹಾಡುವ, ಕೆಲವರಿಗೆ ಒಟ್ಟಿಗೆ ಹಾಡು ಕೇಳುವ ತರಬೇತಿ ಕೊಡಲಾಯಿತು; ಉಳಿದವರಿಗೆ ಎಂದಿನ ಆರೈಕೆ. ಎರಡೂ ಗುಂಪುಗಳಲ್ಲಿ ರೋಗಿಗಳ ಮನಃಸ್ಥಿತಿ ಸುಧಾರಿಸಿತು. ಹಾಡಿದ ಗುಂಪಿನಲ್ಲಿ ಆರೈಕೆ ಮಾಡುವವರ ಮನಸ್ಸೂ ಹಗುರಾಯಿತು. ಭಾರತದ ಮಟ್ಟಿಗೆ ಅತಿ ಮುಖ್ಯವಾದ ಫಲಿತಾಂಶ ಇದೇ ಇರಬೇಕು. ಏಕೆಂದರೆ ಇಲ್ಲಿ ಆರೈಕೆಯ ಹೊರೆ ಹೊತ್ತವರು ಸಂಬಳದ ನರ್ಸುಗಳಲ್ಲ. ಸೊಸೆ, ಮಗಳು, ಸ್ವತಃ ಎಪ್ಪತ್ತು ದಾಟಿದ ಹೆಂಡತಿ.

ಯಾವ ಹಾಡು, ಯಾರ ಹಾಡು

ಬೆಂಗಳೂರಿನ ಫ್ಲ್ಯಾಟಿಗೆ ಬಂದು ಮಗನೊಡನೆ ಇರುವ ಧಾರವಾಡ ಕಡೆಯ ಎಂಬತ್ತರ ಅಜ್ಜಿಗೆ ‘ಮನಸ್ಸಿಗೆ ಶಾಂತಿ ನೀಡುವ ಸಂಗೀತ’ ಎಂದು ಯೂಟ್ಯೂಬ್‌ನಲ್ಲಿ ಸಿಗುವ ಕೊಳಲಿನ ನಾದ ಕೇಳಿಸಿದರೆ ಏನೂ ಆಗದಿರಬಹುದು. ಆಕೆಯ ಎಳವೆಯಲ್ಲಿ ಕಿವಿಗೆ ಬಿದ್ದದ್ದು ಬೀಸುಕಲ್ಲಿನ ಪದ, ಮದುವೆಮನೆಯ ಸೋಬಾನೆ, ಶ್ರಾವಣದ ಭಜನೆ, ಊರಿಗೆ ಬಂದ ನಾಟಕ ಕಂಪನಿಯ ಹಾಡು. ಕರಾವಳಿಯವರಾದರೆ ಚೆಂಡೆಯ ಸದ್ದಿಗೆ, ಭಾಗವತರ ಪದ್ಯಕ್ಕೆ, ತುಳು ಪಾಡ್ದನಕ್ಕೆ ಕಿವಿ ನಿಮಿರೀತು. ಚರ್ಚಿನ ಕೊಂಕಣಿ ಗೀತೆ, ದರ್ಗಾದ ಉರುಸಿನಲ್ಲಿ ಕೇಳಿದ ಕವ್ವಾಲಿ ಯಾರದೋ ಬಾಲ್ಯವನ್ನು ತುಂಬಿರಬಹುದು. ಇನ್ನು ರೇಡಿಯೊ. ಮೈಸೂರಿನಲ್ಲಿ 1935ರಲ್ಲಿ, ಧಾರವಾಡದಲ್ಲಿ 1950ರಲ್ಲಿ ಬಾನುಲಿ ಕೇಂದ್ರಗಳು ಆರಂಭವಾದವು. ವಿವಿಧ ಭಾರತಿ 1957ರಲ್ಲಿ ಬಂತು. ಈಗ 75 ದಾಟಿದವರ ಹರೆಯ ಕಳೆದದ್ದು ಅದರ ಮುಂದೆಯೇ. ‘ಸಂಧ್ಯಾರಾಗ’ (1966), ‘ಕಸ್ತೂರಿ ನಿವಾಸ’ (1971), ‘ಬಂಗಾರದ ಮನುಷ್ಯ’ (1972) ಚಿತ್ರಗಳ ಹಾಡುಗಳು ಅವರ ಪಾಲಿಗೆ ಹಳೆಯವಲ್ಲ.

ಗುಂಡಿ ಒತ್ತಿದರೆ ಹಳೆಯ ಹಾಡು ಕೇಳಿಸುವ ‘ಕಾರವಾನ್’ ಪೆಟ್ಟಿಗೆ 2017ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಸಿನಿಮಾ ಹಾಡಿನ ಮಟ್ಟಿಗೆ ಕೆಲಸ ಸುಲಭವಾಗಿದೆ. ಆದರೆ ಒಂದೊಂದು ಸೀಮೆಯ ಪದ, ಒಂದೊಂದು ಮನೆತನದ ಲಾಲಿ ಅದರಲ್ಲಿ ಇಲ್ಲ, ಬೇರೆಲ್ಲಿಯೂ ಇರಲಾರದು. ಅದು ಇರುವುದು ರೋಗಿಯ ತಲೆಯಲ್ಲಿ, ಅವರ ತಂಗಿಯ, ನಾದಿನಿಯ ತಲೆಯಲ್ಲಿ. ರೋಗ ಬಲಿತ ಮೇಲೆ ಕೇಳಿದರೆ ರೋಗಿಯಿಂದ ಉತ್ತರ ಸಿಗದು. ಪತ್ತೆಯಾದ ಮೊದಲ ವರ್ಷದಲ್ಲೇ, ಮಾತು ಇನ್ನೂ ನೆಟ್ಟಗಿರುವಾಗ, ಅವರನ್ನೇ ಕೇಳಿ ಹಾಡುಗಳ ಪಟ್ಟಿ ಬರೆದಿಡುವುದು, ಮೊಬೈಲಿನಲ್ಲಿ ಅವರ ದನಿಯನ್ನೇ ಹಿಡಿದಿಡುವುದು ಬುದ್ಧಿವಂತಿಕೆ. ಸ್ಕಾಟ್ಲೆಂಡಿನಲ್ಲಿ 2013ರಲ್ಲಿ ಪತ್ರಕರ್ತೆ ಸ್ಯಾಲಿ ಮ್ಯಾಗ್ನಸನ್ ತಮ್ಮ ತಾಯಿಯ ಆರೈಕೆಯ ಅನುಭವದಿಂದ ಹುಟ್ಟುಹಾಕಿದ ‘ಪ್ಲೇಲಿಸ್ಟ್ ಫಾರ್ ಲೈಫ್’ ಸಂಸ್ಥೆ ಮಾಡುತ್ತಿರುವುದು ಹೆಚ್ಚುಕಡಿಮೆ ಇದನ್ನೇ.

ಎಚ್ಚರಿಕೆಗಳೂ ಇವೆ. ಹಿರಿಯರಲ್ಲಿ ಕಿವಿ ಮಂದವಾಗುವುದು ಸಾಮಾನ್ಯ. ಶ್ರವಣ ಪರೀಕ್ಷೆ ಮಾಡಿಸದೆ ‘ಹಾಡು ಕೇಳಿಸಿದರೂ ಸುಮ್ಮನಿದ್ದಾರೆ’ ಎಂದು ಕೈಬಿಡುವುದು ಸರಿಯಲ್ಲ. ಭಜನೆಯ ನಡುವೆ ಜೋರಾಗಿ ನುಗ್ಗುವ ಜಾಹೀರಾತು ರೋಗಿಯನ್ನು ಬೆಚ್ಚಿಬೀಳಿಸುತ್ತದೆ. ಆದ್ದರಿಂದ ಹಾಡನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು ಲೇಸು. ದಿನವಿಡೀ ಟಿ.ವಿ. ಹಚ್ಚಿಡುವುದು ಸಂಗೀತವಲ್ಲ, ಗದ್ದಲ. ಕೆಲವು ಹಾಡುಗಳು ಸತ್ತ ಗಂಡನನ್ನು, ತೀರಿಕೊಂಡ ಮಗುವನ್ನು ನೆನಪಿಗೆ ತಂದು ಅಳಿಸುತ್ತವೆ. ಏಕೆ ಅಳುತ್ತಿದ್ದೇನೆ ಎಂಬುದನ್ನು ಹೇಳಲು ಅವರಿಗೆ ಆಗುವುದಿಲ್ಲ. ಪಕ್ಕದಲ್ಲಿ ಕುಳಿತವರು ಮುಖ ನೋಡಿ ಹಾಡು ನಿಲ್ಲಿಸಬೇಕಾಗುತ್ತದೆ.

ಭರವಸೆಯ ವ್ಯಾಪಾರ

ಇಂಥ ರೋಗಕ್ಕೆ ಇಂಥ ರಾಗ ಎಂದು ಪಟ್ಟಿ ಮಾಡಿ ಮಾರುವವರು ಈ ನಡುವೆ ಹೆಚ್ಚಿದ್ದಾರೆ. ನಿರ್ದಿಷ್ಟ ರಾಗವೊಂದು ಡಿಮೆನ್ಷಿಯಾವನ್ನು ಗುಣಪಡಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಹೆಸರಿನ ಮುಂದೆ ‘ಮ್ಯೂಸಿಕ್ ಥೆರಪಿಸ್ಟ್’ ಎಂದು ಬರೆದುಕೊಂಡವರ ತರಬೇತಿ ಎಲ್ಲಿ, ಎಷ್ಟು ಕಾಲದ್ದು ಎಂದು ಕೇಳುವ ಹಕ್ಕು ಕುಟುಂಬಕ್ಕಿದೆ. ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ಸಂಬಂಧವನ್ನು ಅಭ್ಯಸಿಸುವ ಪ್ರಯೋಗಾಲಯವೇ ಇದೆ. ಅಂಥ ಗಂಭೀರ ಕೆಲಸಕ್ಕೂ ಸೀಡಿ ಮಾರಾಟಕ್ಕೂ ಇರುವ ಅಂತರವನ್ನು ಜನ ಅರಿಯಬೇಕು.

ಇನ್ನೊಂದು ತುದಿಯಲ್ಲಿರುವುದು ಮಂಪರಿನ ಮಾತ್ರೆ. ಸಂಜೆಯಾಗುತ್ತಲೇ ‘ಮನೆಗೆ ಹೋಗಬೇಕು’ ಎಂದು ಹಟ ಹಿಡಿಯುವ ಹಿರಿಯರಿಗೆ ಮನೋರೋಗದ ಔಷಧ ಕೊಟ್ಟು ಮಲಗಿಸುವ ಪರಿಪಾಠ ಎಲ್ಲೆಡೆ ಇದೆ. ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಇಂಥ ಔಷಧಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದ್ದು 2005ರಷ್ಟು ಹಿಂದೆ. ಕೆಲವೊಮ್ಮೆ ವೈದ್ಯರಿಗೆ ಅನ್ಯಮಾರ್ಗ ಇರುವುದಿಲ್ಲ, ನಿಜ. ಆದರೆ ಮಾತ್ರೆಗೆ ಮುನ್ನ ಮಾಡಿ ನೋಡಬೇಕಾದ ಕೆಲಸಗಳು ಹಲವಿವೆ: ನೋವಿದೆಯೇ, ಮಲಬದ್ಧತೆ ಇದೆಯೇ, ಕೋಣೆ ಕತ್ತಲಾಗಿದೆಯೇ ಎಂದು ನೋಡುವುದು, ಜೊತೆಗಿದ್ದು ಮಾತಾಡಿಸುವುದು. ಆ ಸಾಲಿನಲ್ಲಿ ಹಾಡಿಗೂ ಒಂದು ಜಾಗವಿದೆ. ಸ್ನಾನಕ್ಕೆ ಒಲ್ಲೆನೆನ್ನುವವರು ಪರಿಚಿತ ಹಾಡಿನ ಗುನುಗಿಗೆ ಎದ್ದು ಬಂದರೆ, ಆ ಮನೆಯ ಒಂದು ಬೆಳಗು ಜಗಳವಿಲ್ಲದೆ ಕಳೆಯುತ್ತದೆ.

ಹಾಡಿಗೆ ಖರ್ಚಿಲ್ಲ ಎಂಬ ಮಾತಿನಲ್ಲಿಯೇ ಅಪಾಯವೂ ಇದೆ. ಖರ್ಚಿಲ್ಲದ್ದನ್ನು ಕುಟುಂಬವೇ ಮಾಡಿಕೊಳ್ಳಲಿ ಎಂದು ವ್ಯವಸ್ಥೆ ಕೈತೊಳೆದುಕೊಳ್ಳಬಹುದು. ಹಾಡಲು ಕುಳಿತ ಸೊಸೆಗೂ ಅಡುಗೆಯಿದೆ, ಕಚೇರಿಯಿದೆ, ಮಕ್ಕಳ ಪರೀಕ್ಷೆಯಿದೆ. ಆಕೆಗೆ ಹಾಡುಗಳ ಪಟ್ಟಿಗಿಂತ ಮೊದಲು ಬೇಕಿರುವುದು ಹಗಲು ನಾಲ್ಕು ಗಂಟೆ ಹಿರಿಯರನ್ನು ನಂಬಿ ಬಿಡಬಹುದಾದ ಒಂದು ಜಾಗ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳು ಡಿಮೆನ್ಷಿಯಾ ಆರೈಕೆ ನೀಡುತ್ತಿವೆ. ರಾಯಚೂರಿನ, ಚಾಮರಾಜನಗರದ ಕುಟುಂಬಕ್ಕೆ ಬೆಂಗಳೂರು ದೂರ. ನೆರೆಯ ಕೇರಳವು 2014ರಲ್ಲೇ ‘ಸ್ಮೃತಿಪಥಂ’ ಹೆಸರಿನಲ್ಲಿ ಇದನ್ನು ಸರ್ಕಾರದ ಹೊಣೆಯಾಗಿ ಕೈಗೆತ್ತಿಕೊಂಡಿತ್ತು.

ಕರ್ನಾಟಕ ಸರ್ಕಾರ ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ತಲೆನೋವು, ಅಪಸ್ಮಾರ, ಪಾರ್ಶ್ವವಾಯುಗಳ ಜೊತೆಗೆ ಡಿಮೆನ್ಷಿಯಾ ಕೂಡ ಅದರ ವ್ಯಾಪ್ತಿಯಲ್ಲಿದೆ. ಮೊದಲು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ತೆರೆದ ಕ್ಲಿನಿಕ್‌ಗಳನ್ನು ಮುಂದೆ ಇತರ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ರೋಗ ಪತ್ತೆಗೆ ಇದು ದೊಡ್ಡ ಹೆಜ್ಜೆಯೇ. ಪತ್ತೆಯಾದ ದಿನ ಕುಟುಂಬದವರ ಕೈಗೆ ಔಷಧ ಚೀಟಿಯೊಡನೆ ಇನ್ನೊಂದು ಹಾಳೆಯನ್ನೂ ಕೊಡಬಹುದು: ಇವರು ಯಾವ ಊರಿನವರು, ಯಾವ ಭಾಷೆ, ಏನು ಹಾಡುತ್ತಿದ್ದರು, ಯಾವುದನ್ನು ಕೇಳಿದರೆ ಅಳುತ್ತಾರೆ, ಕಿವಿ ಸರಿಯಾಗಿ ಕೇಳಿಸುತ್ತದೆಯೇ, ಹಗಲು ಜೊತೆಗಿರುವವರು ಯಾರು. ಭರ್ತಿಯಾದ ಹಾಳೆಯ ಒಂದು ಪ್ರತಿ ಆಶಾ ಕಾರ್ಯಕರ್ತೆಯ ಬಳಿಯೂ ಇರಲಿ. ಕೊನೆಯ ಪ್ರಶ್ನೆಗೆ ‘ಯಾರೂ ಇಲ್ಲ’ ಎಂದು ಬರೆದ ಮನೆಗಳು ಎಷ್ಟು ಎಂಬುದು ಆರೋಗ್ಯ ಇಲಾಖೆಗೆ ಆಗಲಾದರೂ ಗೊತ್ತಾಗುತ್ತದೆ.