ತಳದ ಸಾರು

ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ಅದೇ ತಲೆಬರಹ: ‘ಬಾಲಕಿಯರೇ ಮೇಲುಗೈ’. ಮೇಲಾದ ಆ ಕೈ ಎಷ್ಟು ಬಿಳಿಚಿಕೊಂಡಿದೆ ಎಂದು ಯಾರೂ ನೋಡುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಹುಡುಗರಲ್ಲಿ ಶೇ. 31. ಹಿಂದಿನ ಸಮೀಕ್ಷೆಯಲ್ಲಿ ಹುಡುಗಿಯರ ಪ್ರಮಾಣ 54 ಇತ್ತು. ಅಂದರೆ ಏರಿದೆ.

‘ಈಗಿನ ಹುಡುಗಿಯರಿಗೆ ಸೊಪ್ಪು ಸೇರಲ್ಲ, ಬರೀ ಡಯೆಟ್ಟು’ ಎಂಬ ಉತ್ತರ ನಮ್ಮ ನಾಲಗೆ ತುದಿಯಲ್ಲೇ ಇರುತ್ತದೆ. ಸುಳ್ಳು. ಅಂಗಳ ಗುಡಿಸಿ, ನೀರು ತುಂಬಿಸಿ, ಒಂದು ಲೋಟ ಟೀ ಕುಡಿದು ಬಸ್ಸಿಗೆ ಓಡುವವಳು ಯಾವ ಡಯೆಟ್ಟೂ ಮಾಡುತ್ತಿಲ್ಲ.

ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ ಎನ್ನುತ್ತೀರಿ. ಕೊಡಲಿ, 60 ಮಿಲಿಗ್ರಾಂ ಕಬ್ಬಿಣ ಸಣ್ಣ ಮಾತಲ್ಲ. ಆದರೆ ಖಾಲಿ ಹೊಟ್ಟೆಗೆ ಬಿದ್ದರೆ ವಾಕರಿಕೆ. ಟೀಯಲ್ಲಿರುವ ಟ್ಯಾನಿನ್ ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ. ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳದಿದ್ದರೆ ಹುಡುಗಿ ಹೆದರುತ್ತಾಳೆ, ಮುಂದಿನ ವಾರದ ಮಾತ್ರೆ ಕಿಟಕಿಯಾಚೆ.

ಐಸಿಎಂಆರ್ 2020ರಲ್ಲಿ ಹಾಕಿದ ಲೆಕ್ಕದಂತೆ 16ರಿಂದ 18ರ ಹುಡುಗಿಗೆ ದಿನಕ್ಕೆ 32 ಮಿಲಿಗ್ರಾಂ ಕಬ್ಬಿಣ ಬೇಕು. ನೂರು ಗ್ರಾಂ ರಾಗಿಯಲ್ಲಿ ಸಿಗುವುದು ನಾಲ್ಕೈದು, ಒಂದು ಮೊಟ್ಟೆಯಲ್ಲಿ ಒಂದರ ಆಸುಪಾಸು. ಉಳಿದದ್ದು ಕಾಳು, ಸೊಪ್ಪು, ಮಾಂಸದಿಂದ ಬರಬೇಕು. ಮೇಲೆ ನಿಂಬೆಹುಳಿ ಹಿಂಡಿದರೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಹಾಗಾದರೆ ಭಾನುವಾರದ ಮಟನ್ನಿನ ಲಿವರ್ ತುಂಡು ಯಾರ ತಟ್ಟೆಗೆ ಬೀಳುತ್ತದೆ? ಹುರುಳಿ ಸಾರಿನ ಪಾತ್ರೆ ಕೊನೆಯವಳ ಹತ್ತಿರ ಬರುವ ಹೊತ್ತಿಗೆ ಕಾಳು ಎಷ್ಟು ಉಳಿದಿರುತ್ತದೆ?

ನಾವು ಬರೆಯುವವರೂ ಇದರಲ್ಲಿ ಪಾಲುದಾರರು. ನಮ್ಮ ಎಷ್ಟು ಕತೆಗಳಲ್ಲಿ ಎಲ್ಲರಿಗೂ ಬಡಿಸಿ ತಳ ಕೆರೆದುಕೊಂಡು ಉಣ್ಣುವ ಅವ್ವನಿದ್ದಾಳೆ! ಅವಳ ಹಸಿವಿಗೆ ತ್ಯಾಗ ಎಂದು ಹೆಸರಿಟ್ಟು ಕೈಮುಗಿದೆವು. ನಾನೂ ಅಂಥದ್ದೊಂದು ಕತೆ ಬರೆದೆ. ಓದಿದವರು ಕಣ್ಣೊರೆಸಿಕೊಂಡರು, ನಾನು ಹಿಗ್ಗಿದೆ. ಅವ್ವನ ಪಕ್ಕದಲ್ಲೇ ಕೂತು ಅದೇ ತಿಳಿಸಾರು ಉಣ್ಣುತ್ತಿದ್ದ ತಂಗಿ ನನ್ನ ಕತೆಯಲ್ಲಿ ಇರಲೇ ಇಲ್ಲ. ಆಗ ಅವಳಿಗೆ ಹದಿನೈದು. ಮುಟ್ಟು ಶುರುವಾಗಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಪುಸ್ತಕ ಹಿಡಿದರೆ ತೂಕಡಿಕೆ. ಸೋಮಾರಿ ಎಂದು ಮನೆಮಂದಿಯೆಲ್ಲ ಬೈಯುತ್ತಿದ್ದೆವು. ಕಾಳು ತಿಂದು ಎದ್ದವನು ನಾನೇ ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದೆ.