ಸಾಮು ಮುಗಿದ ಮೇಲೆ ಸ್ವಲ್ಪ ಹೊತ್ತು ಕೂರೋಣ

ನಲವತ್ತು ದಾಟಿದ ಗೆಳೆಯರಿಗೆ, ಅಣ್ಣಂದಿರಿಗೆ, ಇನ್ನೂ ನಲವತ್ತಾಗದಿದ್ದರೂ ಆಗಲೇ ಸೋತು ಸುಣ್ಣವಾಗಿರುವ ತಮ್ಮಂದಿರಿಗೆ ನನ್ನದೊಂದು ಕೋರಿಕೆ. ನಿಮ್ಮ ಬೀದಿಯ ಗರಡಿಮನೆಗೆ ಬನ್ನಿ. ಗರಡಿ ಇಲ್ಲದ ಊರಾದರೆ ಶಾಲೆಯ ಮೈದಾನವೋ ಕೆರೆ ಏರಿಯೋ ಪಾರ್ಕಿನ ಒಂದು ಮೂಲೆಯೋ ಸಾಕು. ವಾರಕ್ಕೆ ಮೂರು ದಿನ ಬೆಳಗ್ಗೆ ಆರೆಂಟು ಜನ ಗಂಡಸರು ಸೇರಿ ಮೈ ಬೆವರುವಷ್ಟು ಸಾಮು ಮಾಡಿ. ಮುಗಿದ ಕೂಡಲೇ ಗಾಡಿ ಹತ್ತಿ ಹೊರಟುಬಿಡಬೇಡಿ. ಇಪ್ಪತ್ತು ನಿಮಿಷ ಕೂತು ಮಾತಾಡಿ. ದಂಡ, ಬಸ್ಕಿ ಹೊಡೆಯಿರಿ ಎಂದು ಹೇಳಲು ನಿಮಗೆ ಬೇಕಾದಷ್ಟು ಜನರಿದ್ದಾರೆ. ನಾನು ಬೇಡುತ್ತಿರುವುದು ಆ ಕೊನೆಯ ಇಪ್ಪತ್ತು ನಿಮಿಷವನ್ನು.

ಯಾಕೆಂದು ಹೇಳುತ್ತೇನೆ. 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ. ಅವರಲ್ಲಿ 1,22,724 ಮಂದಿ ಗಂಡಸರು. ಹತ್ತರಲ್ಲಿ ಏಳು. ಕರ್ನಾಟಕದ ಪಾಲು 13,606. ದಿನಗೂಲಿಯವರದ್ದು ಒಟ್ಟು ಲೆಕ್ಕದ ಕಾಲು ಭಾಗಕ್ಕಿಂತ ಹೆಚ್ಚು. ಕಾರಣಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ನಿಲ್ಲುವುದು 'ಕುಟುಂಬದ ಸಮಸ್ಯೆ'. ಸಾಲ, ಕುಡಿತ, ದಾಯಾದಿ ಜಗಳ, ಕೂಡದ ಮಗಳ ಮದುವೆ, ಕಳೆದುಕೊಂಡ ಕೆಲಸದ ಸುದ್ದಿಯನ್ನು ಮನೆಯಲ್ಲಿ ಹೇಳಲಾಗದೆ ದಿನವೂ ಬುತ್ತಿ ಕಟ್ಟಿಸಿಕೊಂಡು ಹೊರಡುವ ಗಂಡಸು, ಪಟ್ಟಿಯಲ್ಲಿ ಇವುಗಳಲ್ಲಿ ಕೆಲವಕ್ಕೆ ಬೇರೆ ಕಾಲಮ್ಮಿದ್ದರೂ ಮನೆಯೊಳಗೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡೇ ಇರುತ್ತವೆ. ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲೂ ತೊಂದರೆಯಲ್ಲಿರುವವರ ಪ್ರಮಾಣ ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚು ಕಂಡಿತು. ಅವರಲ್ಲಿ ಶೇ. 7.5, ನಮ್ಮಲ್ಲಿ ಶೇ. 13.9. ಕುಡಿತದ ಚಟವೂ ಆ ಲೆಕ್ಕದಲ್ಲಿದೆ. ಇರಲೇಬೇಕು, ನಮ್ಮಲ್ಲಿ ದುಃಖ ಹೊರಬರುವುದೇ ಬಹುಪಾಲು ಆ ಬಾಗಿಲಿನಿಂದ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡರು. ನಲವತ್ತಾರು ವರ್ಷ, ದಿನಾ ಕಸರತ್ತು ಮಾಡುತ್ತಿದ್ದ ದೇಹ. ಆಮೇಲೆ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತಲ್ಲ, ನೆನಪಿದೆಯೇ? ಆವರೆಗೆ ಬಿ.ಪಿ. ನೋಡಿಸಿಕೊಳ್ಳಲೂ ಆಗದು ಎನ್ನುತ್ತಿದ್ದವರು ಇಸಿಜಿ, ಎಕೋ ಎಂದು ಓಡಾಡಿದರು. ಒಳ್ಳೆಯದೇ ಆಯಿತು. ಗಂಡಸರಿಗೆ ಭಯವಾಗುತ್ತದೆ, ಭಯವಾದರೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ ಎಂಬುದು ಅಂದು ಕಣ್ಣಿಗೆ ಕಂಡಿತು. ಎದೆಯ ರಕ್ತನಾಳದ ಬಗ್ಗೆ ಹೀಗೆ ನಿಂತವರು ಅದೇ ಎದೆಯ ಮೇಲೆ ಕೂತ ಭಾರದ ಬಗ್ಗೆ ಯಾವ ಸಾಲಿನಲ್ಲೂ ನಿಲ್ಲುವುದಿಲ್ಲ. ಅದಕ್ಕೊಂದು ಸಾಲು ಇದೆ ಎಂಬುದೂ ಎಷ್ಟೋ ಮಂದಿಗೆ ಗೊತ್ತಿಲ್ಲ.

ಹೆಂಗಸರನ್ನು ನೋಡಿ. 2000-01ರಲ್ಲಿ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು, ಊರೂರಲ್ಲಿ ಸಂಘಗಳಾದವು. ಅವು ಕಟ್ಟಿಕೊಂಡದ್ದು ಉಳಿತಾಯಕ್ಕೆ, ಸಾಲಕ್ಕೆ. ಆದರೆ ವಾರದ ಸಭೆಯಲ್ಲಿ ಪಾಸ್‌ಬುಕ್ಕು ಬರೆಯುವ ಕೆಲಸ ಅರ್ಧ, ಇನ್ನರ್ಧ ಕಷ್ಟಸುಖ. ಯಾರ ಮನೆಯಲ್ಲಿ ಒಲೆ ಉರಿಯಲಿಲ್ಲ, ಯಾರ ಕೆನ್ನೆ ಊದಿದೆ, ಎಲ್ಲ ಅಲ್ಲಿ ಗೊತ್ತಾಗುತ್ತದೆ. ಗಂಡಸರಿಗೆ ಅಂಥ ಜಾಗ ಯಾವುದಿದೆ ಹೇಳಿ? ಟೀ ಅಂಗಡಿ ಇದೆ, ಬಾರ್ ಇದೆ, ಪಕ್ಷದ ಕಚೇರಿ ಇದೆ. ಅಲ್ಲಿ ಸೈಟಿನ ರೇಟು ಮಾತಾಡುತ್ತೇವೆ, ಕ್ರಿಕೆಟ್ ಮಾತಾಡುತ್ತೇವೆ, ಮುಂದಿನ ಮುಖ್ಯಮಂತ್ರಿ ಯಾರೆಂದು ತೀರ್ಮಾನಿಸುತ್ತೇವೆ. 'ಹೆಂಗಿದೀಯಪ್ಪಾ?' ಎಂದರೆ 'ಹಿಂಗೇ ನಡೀತಾ ಇದೆ' ಎನ್ನುತ್ತೇವೆ. ಇಪ್ಪತ್ತು ವರ್ಷದ ಸ್ನೇಹ ಆ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ.

ಹಾಗಾದರೆ ಕೂರಿಸಿ ಮಾತಾಡಿಸಿದರಾಯಿತು ಎನ್ನಬಹುದು. ಆಗುವುದಿಲ್ಲ. ಎದುರುಬದುರು ಕುರ್ಚಿ ಹಾಕಿ 'ನಿನ್ನ ಮನಸ್ಸಿನಲ್ಲಿರುವುದನ್ನು ಹೇಳು' ಎಂದರೆ ನಮ್ಮ ಗಂಡಸು ಗಡಿಯಾರ ನೋಡುತ್ತಾನೆ. ಅದೇ ಗಂಡಸು ಪಕ್ಕದಲ್ಲಿ ನಡೆಯುವಾಗ, ಇಬ್ಬರೂ ಸೇರಿ ಒಂದು ಭಾರ ಎತ್ತುವಾಗ, ಕಣ್ಣಿಗೆ ಕಣ್ಣು ಸೇರದಿದ್ದಾಗ ತಾನಾಗಿ ಬಾಯಿ ಬಿಡುತ್ತಾನೆ. ಕೈಗೆ ಕೆಲಸ ಇರಬೇಕು, ಮೈ ದಣಿದಿರಬೇಕು.

ಮೈಸೂರಿನ ಹಳೆಯ ಮೊಹಲ್ಲಾದ ಒಂದು ಗರಡಿಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ತಲೆ ತಗ್ಗಿಸಿಯೇ ಒಳಗೆ ಹೋಗಬೇಕಾದ ಗಿಡ್ಡ ಬಾಗಿಲು, ಗೋಡೆಯ ಮೇಲೆ ಹನುಮಂತ, ನಡುವೆ ಅರಿಸಿನ, ಎಣ್ಣೆ, ಮಜ್ಜಿಗೆ ಕುಡಿದ ಕೆಮ್ಮಣ್ಣಿನ ಮಟ್ಟಿ. ಪಟ್ಟು ಕಲಿಯುವ ಹುಡುಗರು ನಾಲ್ಕೈದು ಮಂದಿ ಸಾಮು ಮುಗಿಸಿ ಕಾಲೇಜಿಗೆ ಓಡಿದ್ದರು. ಮಿಲ್ಲಿನಿಂದ ನಿವೃತ್ತರಾದ ಹಿರಿಯರೊಬ್ಬರು ಆಟೋ ಓಡಿಸುವ ಒಬ್ಬಾತನ ಬೆನ್ನಿಗೆ ಎಣ್ಣೆ ಹಾಕಿ ತಿಕ್ಕುತ್ತಿದ್ದರು. ಆತ ಬೋರಲು ಮಲಗಿ ಮಣ್ಣಿಗೇ ಹೇಳುವಂತೆ ಹೇಳಿದ: 'ಅಣ್ಣಾ, ಈ ತಿಂಗ್ಳೂ ಗಾಡಿ ಕಂತು ಕಟ್ಟಕ್ಕಾಗ್ಲಿಲ್ಲ. ಮನೇಲಿ ಗೊತ್ತಿಲ್ಲ.' ಹಿರಿಯರ ಕೈ ನಿಲ್ಲಲಿಲ್ಲ. 'ಎಷ್ಟು ತಿಂಗ್ಳಾಯ್ತು?' 'ಮೂರು.' 'ಎಡಗೈ ಚಾಚು' ಎಂದು ತೋಳಿಗೆ ಬಂದರು. ಅದನ್ನು ಪೂರ್ತಿ ಉಜ್ಜಿ ಮುಗಿಸಿದ ಮೇಲೆ, 'ಸಂಜೆ ಬಾ, ಇಬ್ರೂ ಹೋಗಿ ಫೈನಾನ್ಸ್‌ನೋರ ಹತ್ರ ಮಾತಾಡೋಣ. ಮೊದ್ಲು ಮನೇಲಿ ಹೇಳು' ಎಂದರು. ಅಷ್ಟೇ. ಯಾರೂ ಅಳಲಿಲ್ಲ, ಯಾರೂ ತಬ್ಬಿಕೊಳ್ಳಲಿಲ್ಲ. ಆದರೆ ಮೂರು ತಿಂಗಳು ಒಬ್ಬನೇ ಹೊತ್ತದ್ದು ಆ ಬೆಳಗ್ಗೆ ಇಬ್ಬರದಾಯಿತು.

ಮೈ ಬೆಳೆಸುವ ಜಾಗದಲ್ಲಿ ಮನಸ್ಸಿಗೂ ಚಾಪೆ ಹಾಸುವುದು ಕನ್ನಡಿಗರಿಗೆ ಹೊಸತಲ್ಲ. ಬೆಂಗಳೂರಿನಲ್ಲಿ ಪ್ರೊ. ಕೆ.ವಿ. ಅಯ್ಯರ್ ಅವರ ಹರ್ಕ್ಯುಲಿಸ್ ವ್ಯಾಯಾಮಶಾಲೆ ಇತ್ತು. ಅಯ್ಯರ್ ಅವರ ಅಂಗಸೌಷ್ಠವದ ಫೋಟೋಗಳು ವಿದೇಶದ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಅದೇ ಮನುಷ್ಯ 'ಶಾಂತಲಾ', 'ರೂಪದರ್ಶಿ' ಕಾದಂಬರಿ ಬರೆದರು. ನಾಟಕಕಾರ ಟಿ.ಪಿ. ಕೈಲಾಸಂ ಅವರಿಗೆ ಆಪ್ತ ಗೆಳೆಯರು. ವ್ಯಾಯಾಮಶಾಲೆಯ ಹುಡುಗರು ನಾಟಕವಾಡಿದರು. ಲೋಡು ಎತ್ತಿ ಬೆವರಿದ ಗಂಡಸು ಅಲ್ಲೇ ಕೂತು ನಗುವುದು, ಹರಟುವುದು, ಹೆಣ್ಣು ಪಾತ್ರವೊಂದರ ಸಂಕಟವನ್ನು ಓದುವುದು, ಯಾವುದೂ ಅಲ್ಲಿ ಗಂಡಸುತನಕ್ಕೆ ಕಡಿಮೆ ಎನ್ನಿಸಲಿಲ್ಲ. ಈಗಿನ ಜಿಮ್ಮಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕನ್ನಡಿ ನೋಡುತ್ತಾ ನಿಲ್ಲುವವರನ್ನು ಕಂಡಾಗ ಅಯ್ಯರ್ ನೆನಪಾಗುತ್ತಾರೆ. ತಿಂಗಳಿಗೆ ಸಾವಿರಗಟ್ಟಲೆ ಕೊಟ್ಟು ಒಂಟಿಯಾಗಿರುವುದನ್ನೇ ಅಭ್ಯಾಸ ಮಾಡುತ್ತಿದ್ದೇವಲ್ಲ!

ಹೊರದೇಶದವರೂ ಸುತ್ತಿ ಬಳಸಿ ಇಲ್ಲಿಗೇ ಬಂದಿದ್ದಾರೆ. ಅಮೆರಿಕದ ಷಾರ್ಲೆಟ್ ನಗರದಲ್ಲಿ 2011ರ ಜನವರಿ 1ರಂದು ಎಫ್‌-3 ಎಂಬ ಗಂಡಸರ ಕೂಟ ಶುರುವಾಯಿತು. ಬೆಳಗಿನ ಜಾವ, ಬಯಲಿನಲ್ಲಿ, ಚಳಿ ಮಳೆ ಎನ್ನದೆ ಕಸರತ್ತು. ಶುಲ್ಕ ಇಲ್ಲ, ಸಂಬಳದ ತರಬೇತುದಾರ ಇಲ್ಲ, ಬಂದವರಲ್ಲೇ ಒಬ್ಬೊಬ್ಬರು ಸರದಿಯಂತೆ ನಡೆಸುತ್ತಾರೆ. ಮುಗಿದ ಮೇಲೆ ವೃತ್ತವಾಗಿ ನಿಂತು ಮಾತಾಡಿಯೇ ಮನೆಗೆ. ಸ್ಕಾಟ್ಲೆಂಡಿನದು ಇನ್ನೂ ಜಾಣ ಉಪಾಯ. ಹೊಟ್ಟೆ ಬಂದ ಗಂಡಸರನ್ನು ಆಸ್ಪತ್ರೆಗೆ ಕರೆದರೆ ಬರಲಿಲ್ಲ, ಅವರು ಪ್ರಾಣ ಬಿಡುವ ಫುಟ್‌ಬಾಲ್ ಕ್ಲಬ್ಬಿನ ಮೈದಾನಕ್ಕೇ ಕರೆದರು. ಬಂದರು. 13 ಕ್ಲಬ್ಬುಗಳಲ್ಲಿ 35ರಿಂದ 65 ವಯಸ್ಸಿನ 747 ಮಂದಿಯ ಮೇಲೆ ನಡೆದ ಅಧ್ಯಯನ 2014ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹನ್ನೆರಡು ವಾರದ ತರಬೇತಿ, ಆದರೆ ಒಂದು ವರ್ಷದ ನಂತರವೂ ತರಬೇತಿ ಪಡೆದವರ ತೂಕ ಪಡೆಯದವರಿಗಿಂತ ಸುಮಾರು ಐದು ಕಿಲೋ ಹೆಚ್ಚು ಇಳಿದಿತ್ತು. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಕಿಲೋ ಲೆಕ್ಕಕ್ಕಿಂತ ಜಾಗದ ಆಯ್ಕೆ. ಗಂಡಸು ತನ್ನದು ಎಂದುಕೊಂಡ ಜಾಗಕ್ಕೆ ತಾನೇ ನಡೆದು ಬರುತ್ತಾನೆ. 'ಮಾನಸಿಕ ಆರೋಗ್ಯ ಶಿಬಿರ' ಎಂದು ಬ್ಯಾನರ್ ಕಟ್ಟಿ ನೋಡಿ, ಉದ್ಘಾಟಕರು ಬಿಟ್ಟರೆ ಇನ್ನೊಬ್ಬರು ಬರುವುದಿಲ್ಲ. ಸಾಮಿಗೆ ಬಾರೋ ಎನ್ನಿ, ಬರುತ್ತಾರೆ.

ನಮ್ಮಲ್ಲೇ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರ ನಡೆಸುತ್ತದೆ. ಶಿಬಿರ ಮುಗಿಸಿದವರು ಊರಿಗೆ ಹೋಗಿ ನವಜೀವನ ಸಮಿತಿ ಕಟ್ಟಿಕೊಂಡು ಸೇರುತ್ತಾರೆ. ಹಳ್ಳಿಯ ಗಂಡಸು ಹತ್ತು ಜನರ ಮುಂದೆ ತನ್ನ ಕಷ್ಟ ಹೇಳಿಕೊಳ್ಳುವುದಿಲ್ಲ ಎನ್ನುವವರು ಅಂಥದ್ದೊಂದು ಸಭೆಗೆ ಹೋಗಿ ಬರಲಿ. ಹೇಳಿಕೊಳ್ಳುತ್ತಾನೆ. ಆದರೆ ಅದಕ್ಕೆ ಮೊದಲು ಅವನು ಕುಡಿದು ಹಾಳಾಗಲೇಬೇಕೇ ಎಂಬುದು ನನ್ನ ತಕರಾರು.

ಈಗ ನಡೆಸುವ ಬಗೆ. ಆರೇಳು ಜನ ಸಿಕ್ಕರೆ ಶುರು ಮಾಡಿ, ಹನ್ನೆರಡು ದಾಟಿದರೆ ಎರಡು ಗುಂಪು ಮಾಡಿಕೊಳ್ಳಿ. ನಲವತ್ತು ನಿಮಿಷ ಮೈಗೆ. ಬಲ್ಲವರು ದಂಡ, ಬಸ್ಕಿ, ಗದೆ ತಿರುಗಿಸಲಿ. ಮಂಡಿ ನೋವಿದ್ದವರು ನಡೆಯಲಿ. ಬಿ.ಪಿ., ಸಕ್ಕರೆ ಇರುವವರು, ಎದೆಯ ತೊಂದರೆ ಕಂಡವರು ಡಾಕ್ಟರನ್ನು ಕೇಳಿಯೇ ಬರಬೇಕು. ಮೊದಲ ದಿನವೇ ಹುಡುಗರ ಜತೆ ಪಂದ್ಯ ಕಟ್ಟಬಾರದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150 ನಿಮಿಷದ ಹದವಾದ ವ್ಯಾಯಾಮ. ಇಲ್ಲಿ ಮಾಡಿದ್ದಕ್ಕೆ ಮಾರುಕಟ್ಟೆಗೆ ನಡೆದು ಹೋಗಿಬಂದದ್ದು ಸೇರಿದರೆ ಅಷ್ಟಾಗುತ್ತದೆ. ಆಮೇಲೆ ಬೆವರು ಆರುವವರೆಗೆ ಕೂರುವುದು. ಆಗ ಫೋನು ಚೀಲದಲ್ಲಿ. ಪಕ್ಷದ ಮಾತು, ಚೀಟಿ ವ್ಯವಹಾರ, ವಿಮೆ ಮಾರಾಟ ಬಾಗಿಲಿನಾಚೆ. ಯಾರನ್ನೂ ಮಾತಾಡೆಂದು ಪೀಡಿಸುವಂತಿಲ್ಲ. ಸುಮ್ಮನೆ ಕೂತು ಎದ್ದು ಹೋಗುವುದಕ್ಕೂ ಅವಕಾಶವಿರಲಿ. ಕೇಳದೆ ಬುದ್ಧಿ ಹೇಳುವ ನಮ್ಮ ರೋಗಕ್ಕೆ ಇಲ್ಲಿ ಕಡ್ಡಾಯ ಪಥ್ಯ. ಒಬ್ಬ ಸಾಲದ ಮಾತೆತ್ತಿದ ಕೂಡಲೇ 'ನಾನಾಗಿದ್ದರೆ...' ಎಂದು ಶುರು ಮಾಡುವವನ ಬಾಯಿಯನ್ನು ಪಕ್ಕದವನು ಮುಚ್ಚಿಸಲಿ. ಅಲ್ಲಿ ಕೇಳಿದ್ದು ಅಲ್ಲಿಗೇ ಮುಗಿಯಬೇಕು. ಒಂದು ಸಲ ಒಬ್ಬನ ಮನೆ ವಿಷಯ ಟೀ ಅಂಗಡಿ ತಲುಪಿತೆಂದರೆ ಆ ಗುಂಪು ಮುಗಿದಂತೆ. ಇನ್ನೊಂದು ಹಳೇ ಗರಡಿಯ ಪದ್ಧತಿ. ಎರಡು ದಿನ ಬಾರದವನ ಮನೆಗೆ ಒಬ್ಬರು ಹೋಗಿ ವಿಚಾರಿಸಬೇಕು. ವಾಟ್ಸಾಪ್ ಸಂದೇಶ ಇದಕ್ಕೆ ಸಾಲದು, ಚಪ್ಪಲಿ ಸವೆಸಬೇಕು.

ಇದು ಚಿಕಿತ್ಸೆಗೆ ಬದಲಿಯಲ್ಲ. ಒಬ್ಬನಿಗೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, 'ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ' ಎಂಬ ಮಾತು ಬಂದರೆ ದಂಡ ಹೊಡೆಸುತ್ತಾ ಕೂರಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಒಬ್ಬನೇ ಇರಲು ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಮುಚ್ಚಿಡುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಪ್ರಾಣ ಕಳೆದುಕೊಳ್ಳಲು ಹೋದವನನ್ನು ತೀವ್ರ ಒತ್ತಡದಲ್ಲಿದ್ದವನು ಎಂದೇ ಕಾಣುತ್ತದೆ, ಅವನ ಆರೈಕೆಯ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ.

ಗರಡಿಯನ್ನು ಹೊಗಳುವಾಗ ಅದರ ಕೊರತೆಗೆ ಕಣ್ಣು ಮುಚ್ಚಲಾರೆ. ನೋವಾದರೂ ತುಟಿ ಕಚ್ಚಿಕೊಂಡಿರು, ಹೆಂಗಸರ ಹಾಗೆ ಅಳಬೇಡ ಎಂದು ಕಲಿಸಿದ್ದೂ ಅದೇ ಗರಡಿ. ಕೆಲವು ಕಡೆ ಬಾಗಿಲು ಒಂದು ಕೇರಿಯವರಿಗೆ ತೆರೆದು ಇನ್ನೊಂದು ಕೇರಿಯವರಿಗೆ ಮುಚ್ಚಿತ್ತು. ಅದೆಲ್ಲ ಹಾಗೇ ಉಳಿಯುವುದಾದರೆ ಈ ಕೂಟ ಬೇಡವೇ ಬೇಡ. ಗಂಡಸರ ನೋವಿನ ಹೆಸರಿನಲ್ಲಿ ಹೆಂಡತಿಯರನ್ನು ಬೈಯುವುದೇ ಕಸುಬಾದ ಗುಂಪುಗಳೂ ಈಗ ಹುಟ್ಟಿವೆ. ನಾನು ಹೇಳುತ್ತಿರುವುದು ಅದನ್ನಲ್ಲ. ಬಾಯಿ ಬಿಡದ ಗಂಡಸಿನ ಸಿಟ್ಟು, ಮೌನ, ಕುಡಿತ ಎಲ್ಲವನ್ನೂ ಇಷ್ಟು ದಿನ ಹೊತ್ತವರು ಮನೆಯ ಹೆಂಗಸರೇ. ಅವರ ಹೆಗಲು ಕೊಂಚ ಹಗುರಾಗಲಿ ಎಂಬುದೂ ಈ ಕೋರಿಕೆಯೊಳಗಿದೆ.

ಗರಡಿಯ ಉಸ್ತಾದರಲ್ಲಿ, ಯಜಮಾನರಲ್ಲಿ ವಿನಂತಿ. ದಸರಾ ಕುಸ್ತಿ ಹತ್ತಿರ ಬಂದಾಗ ತುಂಬುವ ನಿಮ್ಮ ಅಂಗಳ ಉಳಿದ ತಿಂಗಳುಗಳಲ್ಲಿ ಬೆಳಗ್ಗೆ ಏಳಕ್ಕೇ ಖಾಲಿಯಾಗಿರುತ್ತದೆ. ಪೈಲ್ವಾನರ ಸಾಮು ಮುಗಿದ ಮೇಲೆ ಒಂದು ಗಂಟೆ ಬೀದಿಯ ಸಾಮಾನ್ಯ ಗಂಡಸರಿಗೆ ಬಿಟ್ಟುಕೊಡಿ. ಕುಸ್ತಿ ಕಲಿಸುವುದು ಬೇಡ, ಬೆನ್ನು ಬಗ್ಗಿಸಲು ಕಲಿಸಿದರೆ ಸಾಕು. ಮಟ್ಟಿಗೆ ಇಳಿಸುವುದು ಬಿಡುವುದು ನಿಮ್ಮ ಇಷ್ಟ, ಜಗಲಿ ಕೊಟ್ಟರೂ ನಡೆಯುತ್ತದೆ. ಪಾಲಿಕೆಯವರು, ಗ್ರಾಮ ಪಂಚಾಯಿತಿಯವರು ಪಾರ್ಕಿಗೆ ಕಬ್ಬಿಣದ ಕಸರತ್ತಿನ ಯಂತ್ರಗಳನ್ನು ತಂದು ನೆಟ್ಟಿದ್ದೀರಿ. ಪಕ್ಕದಲ್ಲೇ ಹತ್ತು ಜನ ಸುತ್ತ ಕೂರುವಂಥ ಒಂದು ಕಟ್ಟೆಯನ್ನೂ ಕಟ್ಟಿಸಿ.

ಬರುವವರು ಒಂದು ಹಳೇ ಟವೆಲು, ಕುಡಿಯುವ ನೀರು ತಂದರೆ ಸಾಕು. ಹಣ ಬೇಡ, ಬೂಟು ಬೇಡ. ಬೀದಿಯಲ್ಲಿ ಈಚೆಗೆ ಯಾರ ಕಣ್ಣಿಗೂ ಬೀಳದೆ ಇರುವವನೊಬ್ಬ ಇದ್ದರೆ ಅವನನ್ನೂ ಕರೆದುಕೊಂಡು ಬನ್ನಿ. ಅಲಾರಂ ನೀವೇ ಇಟ್ಟುಕೊಳ್ಳಿ, ಎಬ್ಬಿಸುವ ಕೆಲಸವನ್ನೂ ಮನೆಯಾಕೆಯ ತಲೆಗೆ ಕಟ್ಟಬೇಡಿ.