ಬದು ಯಾರ ಪಾಲು?

ಅಣ್ಣತಮ್ಮಂದಿರು ಹೊಲವನ್ನು ಹಂಚಿಕೊಳ್ಳುವಾಗ ನೆಲಕ್ಕಾಗಿ ನಡೆಯುವ ಜಗಳಕ್ಕಿಂತ ಬದುವಿಗಾಗಿ ನಡೆಯುವ ಜಗಳವೇ ಹೆಚ್ಚು ಕಾಲ ಬಾಳುವುದುಂಟು. ಹೊಲವನ್ನು ಎರಡು ಮಾಡಿದ್ದು ಬದು, ನಿಜ. ಆದರೆ ಆ ಬದು ಯಾರಿಗೆ ಸೇರಿದ್ದು? ಅಣ್ಣನಿಗೋ, ತಮ್ಮನಿಗೋ, ಇಬ್ಬರಿಗೂ ಇಲ್ಲವೋ? ಅದರ ಮೇಲೊಂದು ಫಲ ಬಿಡುವ ಮಾವಿನ ಮರವಿದ್ದರಂತೂ ಪ್ರಶ್ನೆ ಕೋರ್ಟಿನ ಮೆಟ್ಟಿಲನ್ನೇ ಹತ್ತುವುದು.

ಇದೇ ವ್ಯಾಜ್ಯ ಗಣಕಯಂತ್ರದ ಒಡಲಿನಲ್ಲಿಯೂ ದಿನನಿತ್ಯ ನಡೆಯುತ್ತಿದೆಯೆಂದರೆ ಓದುಗರಿಗೆ ವಿಸ್ಮಯವಾದೀತು. ಅಲ್ಲಿ ಹಂಚಿಕೆಯಾಗುವುದು ಹೊಲವಲ್ಲ, ಬರಹ. ನಾವು ಜಾಲತಾಣದ ಪುಟದಲ್ಲಿ ನಮ್ಮ ವಿಳಾಸವನ್ನು ಒಂದೇ ಸಾಲಿನಲ್ಲಿ ಬರೆದರೆ, ಹಿಂದೆ ನಿಂತ ಕ್ರಮವಿಧಿಯು ಅದನ್ನು ಅಲ್ಪವಿರಾಮ ಬಂದಲ್ಲೆಲ್ಲ ಕತ್ತರಿಸಿ, ಬೀದಿ ಬೇರೆ, ಊರು ಬೇರೆ, ಜಿಲ್ಲೆ ಬೇರೆ ಎಂದು ವಿಂಗಡಿಸುತ್ತದೆ. ಎಲ್ಲಿ ಕತ್ತರಿಸಬೇಕೆಂಬುದನ್ನು ತೋರಿಸುವ ಈ ಚಿಹ್ನೆಯನ್ನು ನಾವು ‘ಗಡಿಗುರುತು’ ಎಂದು ಕರೆಯೋಣ. ಕತ್ತರಿಸಿದ ಮೇಲೆ ಈ ಗುರುತು ಏನಾಗಬೇಕು? ಇಂದಿನ ವಿಚಾರ ಇಷ್ಟೇ.

ಜಾಲಪುಟಗಳಿಗೆ ಚಲನೆ ಕೊಡುವ ಭಾಷೆಗಳಲ್ಲಿ ಹೆಸರಾದುದು ಜಾವಾಸ್ಕ್ರಿಪ್ಟ್. ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಎಂಬುವರು 1995ರಲ್ಲಿ ಅದರ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಸಿದ್ಧಪಡಿಸಿದರು. ಬರಹವನ್ನು ತುಂಡರಿಸಲು ಅದರಲ್ಲಿರುವ ಆಜ್ಞೆಯ ಹೆಸರು ‘ಸ್ಪ್ಲಿಟ್’, ಅಂದರೆ ಸೀಳು. ಅದೇ ವರ್ಷ ರಾಸ್ಮಸ್ ಲರ್ಡಾರ್ಫ್ ಎಂಬುವರು ಲೋಕದ ಮುಂದಿಟ್ಟ ಪಿಎಚ್‌ಪಿ ಭಾಷೆಯಲ್ಲಿ ಈ ಕೆಲಸಕ್ಕೆ ಇನ್ನೂ ಉಗ್ರವಾದ ಹೆಸರಿದೆ: ‘ಎಕ್ಸ್‌ಪ್ಲೋಡ್’, ಅಂದರೆ ಸಿಡಿಸು! ಹೆಸರು ಹೇಗೇ ಇರಲಿ, ವಿಶೇಷವಾಗಿ ಹೇಳದ ಹೊರತು ಇವೆರಡೂ ಗಡಿಗುರುತನ್ನು ಯಾರಿಗೂ ಕೊಡದೆ ಬಿಸುಟುಬಿಡುತ್ತವೆ.

ಬಿಸುಟರೆ ನಷ್ಟವೇನೆಂದು ಕೇಳಬಹುದು. ವಿಳಾಸದ ಅಲ್ಪವಿರಾಮ ಹೋದರೆ ನಷ್ಟವಿಲ್ಲ. ಆದರೆ ವೈದ್ಯರಿಂದ ಒಬ್ಬ ತಾಯಿಗೆ ಇಂಥ ಸಂದೇಶ ಬಂದಿತೆಂದು ಭಾವಿಸಿ: “ಮಗುವಿನ ಜ್ವರ ಇಳಿಯಿತು? ಔಷಧ ನಿಲ್ಲಿಸಬೇಡಿ. ನಾಳೆ ಬನ್ನಿ!” ವಾಕ್ಯಕ್ಕೊಂದು ಸಾಲಾಗಿ ತೋರಿಸಬೇಕೆಂದು ಯಾರೋ ಒಬ್ಬರು ಪೂರ್ಣವಿರಾಮ, ಪ್ರಶ್ನೆಯ ಚಿಹ್ನೆ, ಉದ್ಗಾರದ ಚಿಹ್ನೆ, ಈ ಮೂರರಲ್ಲಿ ಯಾವುದು ಬಂದರೂ ಸೀಳು ಎಂದು ಜಾವಾಸ್ಕ್ರಿಪ್ಟಿಗೆ ಆಜ್ಞೆಯಿತ್ತರು. ಆಜ್ಞೆಯ ಸೂತ್ರ ಹೀಗೆ: [.?!]. ತಾಯಿಯ ಕಣ್ಣಿಗೆ ಬೀಳುವ ಮೊದಲ ಸಾಲು: “ಮಗುವಿನ ಜ್ವರ ಇಳಿಯಿತು”. ವೈದ್ಯರು ಕೇಳಿದ ಪ್ರಶ್ನೆ ವೈದ್ಯರೇ ಕೊಟ್ಟ ಭರವಸೆಯಾಗಿ ನಿಂತಿತು! ವ್ಯಾಕರಣ ಬಲ್ಲವರು “ಇಳಿಯಿತೆ” ಎಂದು ಬರೆದಾರು. ಆಗ ಪ್ರಶ್ನೆ ಶಬ್ದದೊಳಗೇ ಉಳಿಯುತ್ತದೆ. ಆದರೆ ಅವಸರದ ಬರವಣಿಗೆಯಲ್ಲಿ ನಾವೆಲ್ಲರೂ ಆ ಎಕಾರವನ್ನು ಬಿಟ್ಟು, ಪ್ರಶ್ನೆಯ ಭಾರವನ್ನೆಲ್ಲ ಆ ಕೊಕ್ಕೆಯಂಥ ಚಿಹ್ನೆಯ ಮೇಲೆಯೇ ಹೇರುತ್ತೇವೆ. ಇಲ್ಲಿ ಬದು ಬರಿಯ ಬದುವಲ್ಲ. ಮಾವಿನ ಮರವಿರುವ ಬದು.

ಇನ್ನೊಂದು ಸೋಜಿಗವನ್ನೂ ಗಮನಿಸಿ. ವಾಕ್ಯಗಳು ಮೂರು; ದೊರೆತ ತುಂಡುಗಳು ಮಾತ್ರ ನಾಲ್ಕು! ಕೊನೆಯ ಉದ್ಗಾರಚಿಹ್ನೆಯ ಆಚೆಗೂ ಒಂದು ಹೊಲವಿದೆಯೆಂದು ಯಂತ್ರ ಲೆಕ್ಕ ಹಾಕುತ್ತದೆ. ಅದರಲ್ಲಿ ಒಂದು ಅಕ್ಷರವೂ ಇಲ್ಲದಿದ್ದರೂ ಅದು ಒಂದು ಪಾಲೇ. ಯಾರಾದರೂ ಸಂಭ್ರಮದಿಂದ “ಬನ್ನಿ!!” ಎಂದು ಬರೆದರೆ ಇಂಥ ಬರಿಪಾಲುಗಳು ಎರಡಾಗುತ್ತವೆ. ಪರದೆಯ ಮೇಲೆ ಕಾರಣವಿಲ್ಲದೆ ಖಾಲಿ ಸಾಲುಗಳು ಕಾಣಿಸಿಕೊಳ್ಳುವುದಕ್ಕೆ ಅನೇಕ ವೇಳೆ ಇದೇ ಮೂಲ.

ಹಾಗಾದರೆ ಬದುವನ್ನು ಉಳಿಸಿಕೊಳ್ಳುವುದು ಹೇಗೆ? ಮೂರು ರಾಜಿಗಳುಂಟು. ಮೊದಲನೆಯದು, ಬದುವನ್ನೇ ಒಂದು ಪ್ರತ್ಯೇಕ ಪಾಲೆಂದು ಎಣಿಸುವುದು. ಸೂತ್ರವನ್ನು ದುಂಡು ಆವರಣದಲ್ಲಿಟ್ಟು ([.?!]) ಎಂದು ಬರೆದರೆ ಸಾಕು, ವಾಕ್ಯ, ಚಿಹ್ನೆ, ವಾಕ್ಯ, ಚಿಹ್ನೆ ಎಂದು ಸರದಿಯಂತೆ ಎಲ್ಲವೂ ಕೈಗೆ ಬರುತ್ತವೆ. ಮೇಲಿನ ಸಂದೇಶದಲ್ಲಿ ನಾಲ್ಕು ತುಂಡುಗಳೂ ಮೂರು ಚಿಹ್ನೆಗಳೂ ಸೇರಿ ಏಳು.

ಎರಡನೆಯದು, ಬದುವನ್ನು ಎಡಗಡೆಯ ಹೊಲಕ್ಕೇ ಬಿಡುವುದು. ಇದರ ಸೂತ್ರ (?<=[.?!]) ಎಂದು, ಅದರ ಮುಂದೆ ಒಂದು ತೆರಪು, ಆಮೇಲೆ + ಚಿಹ್ನೆ. “ಹಿಂದಿರುಗಿ ನೋಡು, ಈ ಮೂರು ಚಿಹ್ನೆಗಳಲ್ಲಿ ಒಂದು ದಾಟಿಹೋಗಿದ್ದರೆ, ಅದನ್ನು ಮುಟ್ಟದೆ, ಮುಂದಿನ ತೆರಪಿನಲ್ಲಿ ಮಾತ್ರ ಕತ್ತರಿಸು” ಎಂಬುದು ಇದರ ತಾತ್ಪರ್ಯ. ಈಗ “ಮಗುವಿನ ಜ್ವರ ಇಳಿಯಿತು?” ಎಂಬ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುವುದು, ತುಂಡುಗಳೂ ಸರಿಯಾಗಿ ಮೂರೇ. 2.5 ಎಂಬಂಥ ಸಂಖ್ಯೆಯ ಚುಕ್ಕೆಯ ನಂತರ ತೆರಪಿಲ್ಲದ ಕಾರಣ ಅದಕ್ಕೂ ಅಪಾಯವಿಲ್ಲ. ಈ ಹಿನ್ನೋಟದ ಸೂತ್ರ ಜಾವಾಸ್ಕ್ರಿಪ್ಟಿನ ನಿಯಮಾವಳಿಗೆ ಸೇರಿದ್ದು 2018ರಲ್ಲಿ. ಆಪಲ್ ಸಂಸ್ಥೆಯ ಸಫಾರಿ ಅದನ್ನು ಅಳವಡಿಸಿಕೊಂಡದ್ದು 2023ರಲ್ಲಿ. ಆದುದರಿಂದ ಹಳೆಯ ಫೋನುಗಳಲ್ಲಿ ಇದನ್ನು ಪರೀಕ್ಷಿಸಿಯೇ ನಂಬತಕ್ಕದ್ದು.

ಮೂರನೆಯದು, ಬದುವನ್ನು ಬಲಗಡೆಯ ಹೊಲಕ್ಕೆ ಕೊಡುವುದು. “*ಅಕ್ಕಿ*ಬೇಳೆ*ಬೆಲ್ಲ” ಎಂಬ ದಿನಸಿಯ ಪಟ್ಟಿಯಲ್ಲಿ ನಕ್ಷತ್ರಚಿಹ್ನೆ ಮುಂದಿನ ಸಾಮಾನಿಗೆ ಸೇರಿದ್ದಷ್ಟೆ? ಅಲ್ಲಿ (?=[*]) ಎಂಬ ಮುನ್ನೋಟದ ಸೂತ್ರ ಸಲ್ಲುತ್ತದೆ.

ಇಷ್ಟರಿಂದ ಎಲ್ಲ ವ್ಯಾಜ್ಯವೂ ತೀರಿತೆಂದು ತಿಳಿಯಬಾರದು. “ದ. ರಾ. ಬೇಂದ್ರೆ ಧಾರವಾಡದವರು.” ಎಂಬ ವಾಕ್ಯವನ್ನು ಮೇಲಿನ ಎರಡನೆಯ ಸೂತ್ರಕ್ಕೆ ಒಪ್ಪಿಸಿದರೆ “ದ.” ಒಂದು ವಾಕ್ಯ, “ರಾ.” ಇನ್ನೊಂದು ವಾಕ್ಯ ಎಂದು ತೀರ್ಪಾಗುತ್ತದೆ. ಚುಕ್ಕೆಯೊಂದೇ ಆದರೂ ಒಂದೆಡೆ ಅದು ವಾಕ್ಯದ ಕೊನೆ, ಇನ್ನೊಂದೆಡೆ ಹೆಸರಿನ ಸಂಕ್ಷೇಪ. ಹೆಸರಿನೊಂದಿಗೆ ಇನಿಷಿಯಲ್ ಬರೆಯುವ ನಮ್ಮಂಥವರ ನಾಡಿನಲ್ಲಿ ಈ ಭೇದವನ್ನು ಯಂತ್ರಕ್ಕೆ ಬೇರೆಯಾಗಿ ಕಲಿಸಿಕೊಡದೆ ಗತ್ಯಂತರವಿಲ್ಲ.

ಇದೇ ಬಗೆಯ ತೊಡಕು ಅಲ್ಪವಿರಾಮಕ್ಕೂ ಉಂಟು. 1,25,000 ರೂಪಾಯಿ ಎಂಬುದನ್ನು ಅಲ್ಪವಿರಾಮದಲ್ಲಿ ಸೀಳಿದರೆ ಒಂದು, ಇಪ್ಪತ್ತೈದು, ಮೂರು ಸೊನ್ನೆ ಎಂದು ಮೂರು ಪಾಲಾಗಿ ಲಕ್ಷವೇ ಮಾಯವಾಗುವುದು. ಇಂಥವನ್ನು ಜೋಡಿ ಉದ್ಧರಣಚಿಹ್ನೆಗಳ ಬೇಲಿಯೊಳಗೆ ಇಡಬೇಕೆಂಬ ರೂಢಿ ಮೊದಲಿನಿಂದ ಇದ್ದಿತು; 2005ರಲ್ಲಿ ಅದನ್ನು ಬರಹರೂಪಕ್ಕೆ ತಂದರು. ಆದರೆ ಬೇಲಿಯನ್ನು ಸ್ಪ್ಲಿಟ್ ಆಗಲಿ ಎಕ್ಸ್‌ಪ್ಲೋಡ್ ಆಗಲಿ ಕಾಣದು. ಬೇಲಿಯನ್ನು ಗೌರವಿಸುವ ಪ್ರತ್ಯೇಕ ಆಜ್ಞೆಗಳಿವೆ, ಅವನ್ನೇ ಬಳಸತಕ್ಕದ್ದು.

ಎರಡು ಭಾಷೆಗಳನ್ನೂ ಬಲ್ಲವರು ಎಡವುವ ಒಂದು ತಾಣವನ್ನೂ ಹೇಳಿಬಿಡಬೇಕು. ಮದುವೆಯ ಕರೆಯೋಲೆಯಲ್ಲಿ “ಮುಹೂರ್ತ: 10:30” ಎಂದಿದೆ. ಗಡಿಗುರುತು ಎರಡು ಚುಕ್ಕೆಯ ಚಿಹ್ನೆ. ಎರಡೇ ಪಾಲು ಸಾಕು ಎಂದು ಮಿತಿ ಹಾಕಿದೆವು. ಪಿಎಚ್‌ಪಿ ಎರಡನೆಯ ಪಾಲಿನಲ್ಲಿ ಉಳಿದುದನ್ನೆಲ್ಲ ಸೇರಿಸಿ “10:30” ಎಂದು ಕೊಡುತ್ತದೆ. ಜಾವಾಸ್ಕ್ರಿಪ್ಟ್ ಎಲ್ಲ ಬದುಗಳಲ್ಲಿಯೂ ಸೀಳಿ, ಮೊದಲೆರಡನ್ನು ಇಟ್ಟುಕೊಂಡು, ಮಿಕ್ಕುದನ್ನು ಎಸೆದುಬಿಡುತ್ತದೆ. ಕೈಗೆ ಬರುವುದು “10” ಮಾತ್ರ! ಬೀಗರು ಅರ್ಧ ಗಂಟೆ ಮುಂಚೆ ಬಂದು ಕುಳಿತರೆ ತಪ್ಪು ಅವರದಲ್ಲ.

ಕೊನೆಯದಾಗಿ, ಬದುವೇ ಇಲ್ಲದ ಸೀಳು. ಗಡಿಗುರುತಿನ ಜಾಗದಲ್ಲಿ ಏನನ್ನೂ ಬರೆಯದೆ ಖಾಲಿ ಬಿಟ್ಟರೆ ಜಾವಾಸ್ಕ್ರಿಪ್ಟ್ ಬರಹವನ್ನು ತನ್ನ ಅತಿ ಚಿಕ್ಕ ಸಂಕೇತಗಳಾಗಿ ಬಿಡಿಸುತ್ತದೆ. ಪಿಎಚ್‌ಪಿಯ ಎಕ್ಸ್‌ಪ್ಲೋಡ್ ಇಂಥ ಕೋರಿಕೆಯನ್ನು ಒಪ್ಪುವುದೇ ಇಲ್ಲ. ಇಂಗ್ಲಿಷ್ ಪದಗಳಿಗೆ ಈ ಬಿಡಿಸುವಿಕೆ ಸಲೀಸು. ನಮ್ಮ “ಲಕ್ಷ್ಮಿ” ಕಣ್ಣಿಗೆ ಎರಡೇ ಅಕ್ಷರ. ಈ ಸೀಳಿನಲ್ಲಿ ಆಕೆ ಏಳು ತುಂಡಾಗುತ್ತಾಳೆ. ಲಕಾರ, ಕಕಾರ, ಷಕಾರ, ಮಕಾರ, ನಡುವೆ ಎರಡು ಹಲಂತಚಿಹ್ನೆ, ಕೊನೆಗೆ ಒಂಟಿಯಾಗಿ ನಿಂತ ಒಂದು ಗುಡಿಸು. ಕನ್ನಡದ ಪದಬಂಧವನ್ನೋ ಅಕ್ಷರದಾಟವನ್ನೋ ರಚಿಸಹೊರಟವರು ಮೊದಲು ಮುಗ್ಗರಿಸುವುದು ಇಲ್ಲಿಯೇ. ಸೆಗ್ಮೆಂಟರ್ ಎಂಬ ಈಚಿನ ಸಾಧನ ಸ್ವರಚಿಹ್ನೆಯನ್ನು ವ್ಯಂಜನದಿಂದ ಕೀಳುವುದಿಲ್ಲ. ಒತ್ತಕ್ಷರಗಳ ವಿಷಯದಲ್ಲಿ ಮಾತ್ರ ಅದನ್ನೂ ಒಮ್ಮೆ ಒರೆಗೆ ಹಚ್ಚಿ ನೋಡುವುದು ಲೇಸು.

ನಿಮ್ಮ ಮನೆಯ ಮಕ್ಕಳು ಈ ವಿದ್ಯೆಯನ್ನು ಕಲಿಯುತ್ತಿರಬಹುದು. ಸೂತ್ರ ಬರೆಯುವ ಮೊದಲು ಅವರು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಗುರುತು ಬರಹದ ತುದಿಯಲ್ಲಿ ಬಂದರೇನು? ಒಂದರ ಪಕ್ಕದಲ್ಲೊಂದು ಎರಡು ಬಂದರೇನು? ಗುರುತಾಗಿ ಅಲ್ಲದೆ ಮಾತಿನ ಭಾಗವಾಗಿಯೇ ಬಂದರೇನು? ಸೀಳುವುದು ಯಂತ್ರಕ್ಕೆ ಕ್ಷಣದ ಕೆಲಸ. ಬದುವಿನ ಮೇಲೆ ಮರವಿದೆಯೇ ಎಂದು ನೋಡಿಬರುವ ಕೆಲಸವನ್ನು ಮಾತ್ರ ಹೊಲದ ಒಡೆಯರೇ ಮಾಡಬೇಕು.